ಚಿಲ್ಲರೆ ಬಾಕಿ

ಪೆನಾಂಗ್ ದಾಟಿ ನಲವತ್ತು ಕಿಲೋಮೀಟರು.
ಹಿಂದಿನ ಬಲಗಡೆಯ ಟೈರು ಸೀಳಿ
ಹಳೇ ಚಪ್ಪಲಿಯ ಹಾಗೆ ಬಾಯಿಬಿಟ್ಟಿತ್ತು.
ಸ್ಟೆಪ್ನಿ ಮೊನ್ನೆಯೇ ಹೋಗಿತ್ತು;
ಮುಂದಿನೂರಲ್ಲಿ ನೋಡಿದರಾಯಿತು ಎಂದವಳು ನಾನೇ.
ಆಸ್ಟ್ರೇಲಿಯಾದ ಈ ಬಯಲಲ್ಲಿ ಮುಂದಿನೂರು ಎಂದರೆ
ಮುಂದಿನ ವಾರ ಎಂದ ಹಾಗೆ.

ಮೊಬೈಲಿನಲ್ಲಿ ಒಂದು ಕಡ್ಡಿಯೂ ಇಲ್ಲ.
ಎರಡೂ ದಿಕ್ಕಿಗೆ ಸ್ಕೇಲಿಟ್ಟು ಎಳೆದ ರಸ್ತೆ,
ಬೂದಿಬಣ್ಣದ ಕುರುಚಲು,
ಆಗೀಗ ಒಂದು ಲಾರಿ, ಅದರ ಗಾಳಿಗೆ ಕಾರು ಅಲ್ಲಾಡುವುದು,
ಮತ್ತೆ ನೊಣ.

ನಿಂತದ್ದು ಒಂದು ಪಿಕಪ್ಪು.
ಇಳಿದವನಿಗೆ ಕೈತುಂಬ ಹಚ್ಚೆ, ಮುಂದಿನೆರಡು ಹಲ್ಲಿಲ್ಲ.
ಹೆಸರು ಮೆರ್ವ್.
ಗಾಲಿ ಬಿಚ್ಚಿಕೊಡಿ, ಸೆಡ್ಯೂನಾಕ್ಕೆ ಒಯ್ದು
ಹೊಸ ಟೈರು ಹಾಕಿಸಿ ತರುತ್ತೇನೆ, ಮೂರು ತಾಸು,
ನನಗೂ ಅಲ್ಲಿ ಬೇಲಿತಂತಿ ಕೊಳ್ಳುವುದಿದೆ ಎಂದ.
ದುಡ್ಡು?
ಈಗಲೇ ಕೊಟ್ಟರೆ ಒಳ್ಳೆಯದು. ನನ್ನ ಹತ್ತಿರ ಇಲ್ಲ.

ನಾನು ಅಕ್ಕನ ಮುಖ ನೋಡಿದೆ.
ನೀಲಾಂಬಿಕೆ, ದಾವಣಗೆರೆ ಡಿಪೋ,
ಇಪ್ಪತ್ತಾರು ವರ್ಷ ಕಂಡಕ್ಟರ್.
ಕತ್ತಲಲ್ಲೂ ಹರಿದ ನೋಟು ಬೆರಳಲ್ಲೇ ಹಿಡಿಯುವವಳು,
ಟಿಕೆಟ್ಟಿಲ್ಲದವನು ಯಾವ ಕಿಟಕಿಯಾಚೆ ನೋಡುತ್ತಾನೆಂದು ಬಲ್ಲವಳು.
ಅವನ ಕಣ್ಣು ಒಂದು ಸಲ ನೋಡಿದಳು, ಅಷ್ಟೆ.
"ಕೊಡೇ, ಹೋಗ್ಲಿ"
ಸೀಟಿ ಊದಿ ಬಸ್ಸು ಬಿಟ್ಟ ಹಾಗೆ.

ನಾಲ್ಕು ನೋಟು ಕೊಟ್ಟೆ.
ಅಕ್ಕ ಅತ್ತ ತಿರುಗಿದಾಗ
ಪಿಕಪ್ಪಿನ ನಂಬರು ಅಂಗೈ ಮೇಲೆ ಬರೆದುಕೊಂಡೆ.

ಹೊರಡುವಾಗ ಸಿಳ್ಳೆ ಹಾಕಿದ. ಹಿಂದಿನಿಂದ ನಾಯಿ ಜಿಗಿಯಿತು,
ಒಂದು ಕಿವಿ ಹರಿದದ್ದು.
ಡಾಟ್ ನಿಮ್ಮ ಜೊತೆ ಇರಲಿ,
ಪೇಟೆಯಲ್ಲಿ ಕಟ್ಟಿಹಾಕಿದರೆ ಊಳಿಡುತ್ತಾಳೆ.
ಒತ್ತೆ ಇಟ್ಟನೋ, ಕಾವಲಿಗೆ ಬಿಟ್ಟನೋ?
ಮೂರು ಗಾಲಿಯ ಕಾರು
ಅವನ ನಾಯಿ ಕದ್ದು ಎಲ್ಲಿಗೆ ಓಡೀತು!

ಒಂದು ತಾಸು. ಎರಡು.
ಮೂರನೆಯದಕ್ಕೆ ಡಾಟ್ ಕಾರಿನ ನೆರಳು ಸರಿದಂತೆ ಸರಿದು ಮಲಗಿದಳು.
ನಾಲ್ಕನೆಯದಕ್ಕೆ
ನಾನು ಇನ್ನೂರು ಡಾಲರನ್ನು ರೂಪಾಯಿಗೆ ತಿರುಗಿಸಲು ಶುರುಮಾಡಿದೆ.
ಅಕ್ಕ ಖರ್ಜೂರದ ಬೀಜ ಉಗಿದು ಹೇಳಿದಳು:
"ಹರಿಹರದ ಮುದುಕ ಒಬ್ಬ, ಐವತ್ತರ ನೋಟು ಕೊಟ್ಟ.
ಟಿಕೆಟ್ ಹಿಂದೆ ನಲವತ್ತೇಳು ಅಂತ ಬರ್‍ಕೊಟ್ಟೆ.
ಇಳಿಯೋವಾಗ ಕೇಳ್ಲೇ ಇಲ್ಲ, ಹೋಗೇಬಿಟ್ಟ.
ಎರಡು ವರ್ಷ ಎಲ್ಲಾ ಸ್ಟಾಪಲ್ಲೂ ಅವನ ರುಮಾಲು ಹುಡುಕ್ದೆ."
ಸಿಕ್ಕಿದನಾ?
"ಇಲ್ಲ ಕಣೆ.
ಅವನ ಲೆಕ್ಕದಾಗೆ ನಾನು ಕಳ್ಳಿ."

ಡಾಟ್ ಮೊದಲು ಎದ್ದಳು. ಆಮೇಲೆ ಧೂಳು,
ಧೂಳಿನಿಂದ ಮೆರ್ವ್.
ಸೆಡ್ಯೂನಾದಲ್ಲಿ ನಮ್ಮ ಅಳತೆಯದು ಇರಲಿಲ್ಲವಂತೆ,
ಯಾರದೋ ಶೆಡ್ಡಿನ ಬೀಗ ತೆಗೆಸಿ ತಂದನಂತೆ.
ಎಣ್ಣೆಗಪ್ಪು ರಸೀದಿ, ಅದರಲ್ಲಿ ಮಡಚಿ
ಹನ್ನೊಂದು ಡಾಲರು ನಲವತ್ತು ಸೆಂಟು.
ಇದು ನಿಮ್ಮದು, ಎಂದ.
ಅಕ್ಕ ಎಣಿಸಿಯೇ ತೆಗೆದುಕೊಂಡಳು. ಅದು ಅವಳ ಮರ್ಯಾದೆ.

ಥ್ಯಾಂಕ್ಸ್ ಎಂದು ಕೈ ಚಾಚಿಬಿಟ್ಟೆ,
ಯಾವ ಕೈ ಎಂದು ನೆನಪಾಗುವ ಮೊದಲೇ.
(ನಾನು ಎಡಚಿ. ಬರೆದದ್ದು ಬಲ ಅಂಗೈ ಮೇಲೆ.)
ಅವನು ಬಿಡಿಸಿ ನೋಡಿದ.
ಬೆವರಿಗೆ ಹರಡಿದ ನೀಲಿ ಶಾಯಿ.
ಹಚ್ಚೆಯ ಬೆರಳಿಟ್ಟು ತಡೆತಡೆದು ಓದಿದ:
ಎಸ್, ನಾಲ್ಕು, ಸೊನ್ನೆ...
"ಇದು ಏಳಲ್ಲ, ಒಂದು" ಎಂದ.
ಹಲ್ಲಿಲ್ಲದ ಸಂದಿಯಿಂದ ನಕ್ಕು
ನಾಯಿ ಹತ್ತಿಸಿಕೊಂಡು ಹೋದ.

ಮರುದಿನ ನಂಡ್ರೂ ದಾಟಿ, ಬಾನೆಟ್ ಎತ್ತಿದ ಬಿಳಿ ಕಾರು,
ಪಕ್ಕದಲ್ಲೊಬ್ಬಳು, ಕಂಕುಳಲ್ಲಿ ಮಗು.
ಅಕ್ಕ ಏನೂ ಹೇಳಲಿಲ್ಲ. ನಾನೇ ನಿಲ್ಲಿಸಿದೆ.
ನೀರಿನ ಕ್ಯಾನು ಹಿಡಿದು ಹತ್ತಿರ ಹೋದರೆ
ಅವಳ ಕಣ್ಣು ನನ್ನ ಮೇಲಿಲ್ಲ,
ನಮ್ಮ ಕಾರಿನ ಮೂತಿಯ ಮೇಲೆ; ತುಟಿ ಅಲುಗುತ್ತಿದೆ,
ನಂಬರು ಬಾಯಿಪಾಠ ಮಾಡುತ್ತಿದ್ದಾಳೆ.

ಕ್ಯಾನು ಕೆಳಗಿಟ್ಟು, ಒಂದೊಂದೇ ಅಂಕಿ,
ನಿಧಾನಕ್ಕೆ
ನಾನೇ ಹೇಳಿಕೊಟ್ಟೆ.