ಬಾಕಿ

ಕುಂದ್ರ್ರಿ ಫಾದರ್. ಆ ಕುರ್ಚಿ ಬ್ಯಾಡ, ಅದರ ಕಾಲು ಸಡಿಲ.
ಪ್ಯಾಂಟಿನ ಗಂಟು ಸರಿಸ್ತೀನಿ, ಈ ಮಂಚದ ಮ್ಯಾಲೆ ಕುಂದ್ರ್ರಿ.
ನಾಳೆ ಹತ್ತಕ್ಕ ಮುನ್ನೂರು ಪೀಸು ಹೋಗಬೇಕು,
ದಾರ ಕತ್ತರಿಸ್ತಾನ ಮಾತಾಡ್ತೀನಿ, ತಪ್ಪು ತಿಳೀಬ್ಯಾಡ್ರಿ.

ಆರು ತಿಂಗಳಾತು ಪೂಜೆಗೆ ಬಂದಿಲ್ಲ ಅಂದ್ರಿ.
ಏಳು, ಫಾದರ್.
ನಾ ಲೆಕ್ಕ ಇಟ್ಟೀನಿ.

ಏನು ಹೇಳಲಿ?
ಕೌಲ್ ಬಜಾರಿನಾಗ ನಳ ಬರೋದು ಹತ್ತು ದಿನಕ್ಕೊಮ್ಮೆ,
ಬರುವಾಗ ನಿಮ್ಮಂಗ ಗಂಟೆ ಬಾರಿಸಂಗಿಲ್ಲ.
ವಾಷಿಂಗ್ ಯೂನಿಟ್ಟಿಗೆ ರಜಾ ಅಂದ್ರ ಕರೆಂಟು ಹೋದ ದಿನ.
ಇವೆಲ್ಲಾ ನೆವ ಬಿಡ್ರಿ, ನಿಮಗೂ ಗೊತ್ತು.
ನಮ್ಮವ್ವ ಕೊಡ ಇಳಿಸಿ ಓಡಿ ಬರತಿದ್ಲು,
ಒದ್ದಿ ನೆರಿಗ್ಯಾಗ,
ಎರಡನೇ ವಾಚನ ಮುಗಿಯೂದರಾಗ.

ಅವ್ವ ತೀರಿದ ಬೆಳಿಗ್ಗೆ
ನಮ್ಮಣ್ಣ ಚೌರಪ್ಪ ಹೋದ, ಉಪದೇಶಿ ಕಾರ್ಡು ಕೇಳಿದ.
ಬೆರಳಿಗೆ ಉಗುಳು ಹಚ್ಚಿ ಹಚ್ಚಿ ಹಾಳೆ ತಿರುವಿದ.
ಎರಡು ವರ್ಷ ಎಂಟು ತಿಂಗಳು ಬಾಕಿ.
'ಮಣ್ಣಿನ ಜಾಗ ಹಂಗ ಸಿಗಂಗಿಲ್ಲಪ್ಪ, ಕಮಿಟಿ ರೂಲು.'
ನೀವು ಊರಾಗ ಇರಲಿಲ್ಲ, ಧ್ಯಾನಕೂಟಕ್ಕ ಹೋಗಿದ್ರಿ.
ನಿಮ್ಮನ್ನ ಅಂತಿಲ್ಲ ನಾನು.
ಅಂದ್ರ, ಸ್ವಲ್ಪ ಅಂತೀನಿ.

ಖಾಸಿಂಬಿ ಕಿವಿ ಓಲೆ ಬಿಚ್ಚಿದಳು.
ಬಾಯ್ಲರಿನ ತಾಯಪ್ಪ ಯೂನಿಟ್ಟಿನ ನೆಲಕ್ಕ ಟವೆಲು ಹಾಸಿದ,
ಎಲ್ಲಾರ ಕೈ ನೀಲಿ,
ಹತ್ತರ ನೋಟೂ ನೀಲಿ, ಇಪ್ಪತ್ತರದೂ ನೀಲಿ.
ಉಪದೇಶಿ ಎಣಿಸಿ ಕೈ ಒರೆಸಿಕೊಂಡ.
ರಸೀದಿ ಮಾತ್ರ ಚೊಲೋ ಐತಿ, ಫಾದರ್,
ಮೂಲ್ಯಾಗ ಯೇಸುಸ್ವಾಮಿ
ಎದೆ ತೆರೆದು ತೋರಿಸ್ತಾ ನಿಂತಾನ.

ಇನ್ನೊಂದು. ನಿಮಗ ನೆನಪಿರಲಿಕ್ಕಿಲ್ಲ.
ಅದರ ಹಿಂದಿನ ಈಸ್ಟರಿಗೆ ಸಾಲಿನಾಗ ನಿಂತು
ನಾ ಕೈ ಚಾಚಿದೆ.
ನೀವು ಅಂಗೈ ನೋಡಿ, ಸುಮ್ಮನಾಗಿ,
ಪ್ರಸಾದ ಬಾಯಾಗ ಇಟ್ರಿ.
ನನ್ನ ಹಿಂದ ಟೀಚರಮ್ಮ. ಆಕಿಗೆ ಕೈಯಾಗ.
ಸೋಪು, ಸುಣ್ಣ, ಬ್ಲೀಚು, ಏನು ಹಾಕಿದ್ರೂ
ಇದು ಉಗುರಿನ ಸಂದಿ ಬಿಡಂಗಿಲ್ಲ.
ಅಂದು ಮನಿಗೆ ಬಂದು ತಿಕ್ಕಿದೆ. ಅವ್ವ ನೋಡಿದಳು, ಕೇಳಲಿಲ್ಲ.

ದೇವರನ್ನ ಬಿಟ್ಟಿಯಾ ಅಂತ ಕೇಳಬ್ಯಾಡ್ರಿ.
ರಾತ್ರಿ ಹಿತ್ತಾಳಿ ಗುಂಡಿ ಎಣಿಸೂವಾಗ
ಹತ್ತಕ್ಕೊಮ್ಮೆ ಬಾಯಿ ತಾನಾ 'ನಮೋ ಮರಿಯ' ಅಂತೈತಿ.
ಲೆಕ್ಕ ತಪ್ಪತೈತಿ, ಮತ್ತ ಮೊದಲಿಂದ.
ಆಕಿ ಕೇಳತಾಳೋ ಇಲ್ಲೋ.
ಆದ್ರ ಇಲ್ಲೀತನ
ಕಾರ್ಡು ಕೇಳಿಲ್ಲ.

ಚಾ ಆರತೈತಿ, ಕುಡೀರಿ.
ಚೌರಪ್ಪ ಬರೋದು ತಡ, ಬಂದ್ರೂ ಮಾತಾಡಾಕಿಲ್ಲ,
ಮೊದಲು ಪಿಟೀಲು ಬಾರಿಸತಿದ್ದನಲ್ಲ ನಿಮ್ಮ ಗಾಯನ ಮಂಡಳಿಯಾಗ,
ಅದರ ಪೆಟ್ಟಿಗ್ಯಾಗ ಈಗ ಜಿಪ್ಪಿನ ಬಂಡಲ್ ಅದಾವ.

ಅಯ್ಯ, ಆ ಕತ್ತರಿ ಯಾಕ ತಗೊಂಡ್ರಿ?
ಹಂಗಲ್ಲ, ದಾರ ಬುಡಕ್ಕ ಹಿಡೀಬೇಕು...
ಬಿಡ್ರಿ ಫಾದರ್, ಬಣ್ಣ ಹತ್ತತೈತಿ.
ನಾಳೆ ಪೂಜೆ ಐತಲ್ಲ ನಿಮಗ.