ಕೊಸರು

ಜೂನ್ ಒಂದಕ್ಕೆ ಬೈತಖೋಲದಲ್ಲಿ
ದೋಣಿಗಳನ್ನೆಲ್ಲ ಕಟ್ಟಿಹಾಕಿದರು.
ಸಮುದ್ರಕ್ಕೆ ಎರಡು ತಿಂಗಳ ಬಾಣಂತನ,
ಸರಕಾರದ ಲೆಕ್ಕದಲ್ಲಿ.
ನನ್ನ ಐಸ್ ಫ್ಯಾಕ್ಟರಿಗೂ ರಜೆ.
ಆಯಿಯ ಮೀನುಬುಟ್ಟಿ ಬೋರಲು,
ಅದರ ಮೇಲೆ ಬೆಕ್ಕು.

ಜಗಲಿಯಲ್ಲಿ ನನ್ನ ಮೂರು ಗಾಜಿನ ತೊಟ್ಟಿ.
ನಡುವಿನದರಲ್ಲಿ ಏಂಜೆಲ್ ಜೋಡಿ.
ಎರಡು ಸಲ ಇಟ್ಟ ಮೊಟ್ಟೆಗಳನ್ನು
ಎರಡು ಸಲವೂ ಬೆಳಗಾಗುವುದರೊಳಗೆ ತಾವೇ ತಿಂದವು.
ಆಯಿ ಅಂದಳು: "ತಿನ್ನಲಿಕ್ಕೆ ಬಾರದ ಮೀನಿಗೆ
ತಿನ್ನಲಿಕ್ಕಾದರೂ ಬರುತ್ತದಲ್ಲ."

ಮೂರನೇ ಸಲ ಕಾಯುತ್ತ ಕೂತೆ.
ನಿಲ್ಲಿಸಿಟ್ಟ ಹಂಚಿನ ತುಂಡಿಗೆ
ಹೆಣ್ಣು ಹೊಟ್ಟೆ ತಾಗಿಸಿ ಮೇಲಕ್ಕೆ ಸರಿಯಿತು,
ಹಿಂದೆಯೇ ಗಂಡು, ಅದೇ ಗೆರೆಯಲ್ಲಿ,
ರುಜು ಬಿದ್ದ ಕಾಗದಕ್ಕೆ ಸಿಕ್ಕೆ ಒತ್ತುವವನ ಹಾಗೆ.
ರಾಗಿಕಾಳಿನಷ್ಟೇ, ಎಳೆ ಜೇನಿನ ಬಣ್ಣ,
ಸಾಲು ಸಾಲು, ಆದರೆ ಸಾಲು ನೆಟ್ಟಗಿಲ್ಲ.

ಹಂಚನ್ನು ನೀರೊಳಗೇ ಡಬ್ಬಿಗೆ ಜಾರಿಸಿ
ಬೇರೆ ತೊಟ್ಟಿಗೆ ಒಯ್ದೆ.
ನೀಲಿ ಔಷಧಿ ಹನಿಹನಿಯಾಗಿ. ಕೆಳಗೆ ಗಾಳಿಗುಳ್ಳೆಯ ಕಲ್ಲು.
ತಾಯಿಯ ರೆಕ್ಕೆ ಮಾಡಬೇಕಾದ ಕೆಲಸ ಈಗ
ಇನ್ನೂರೈವತ್ತು ರೂಪಾಯಿಯ ಮೋಟಾರಿನದು.
ಜೋಡಿ ಮಾತ್ರ ಆ ಖಾಲಿ ಮೂಲೆಗೆ ಬಂದು
ಇಲ್ಲದ ಹಂಚಿಗೆ ರೆಕ್ಕೆ ಬೀಸಿತು, ಸುಮಾರು ಹೊತ್ತು.
ಅದನ್ನು ನಾನು ನೋಡಬಾರದಿತ್ತು.

ಎರಡನೆಯ ರಾತ್ರಿ ಗಾಳಿಮಳೆಗೆ ಕರೆಂಟು ಹೋಯಿತು.
ಮೋಟಾರಿನ ಗುರುಗುರು ನಿಂತದ್ದೇ ನನಗೆ ಎಚ್ಚರ.
ಎಳನೀರಿನ ಸ್ಟ್ರಾ ಹಿಡಿದು ಊದತೊಡಗಿದೆ.
ಟಾರ್ಚಿನ ಬೆಳಕಲ್ಲಿ ಅಲ್ಲಲ್ಲಿ ಬಿಳಿ.
ಬೆಳ್ಳಗಾದದ್ದು ಸತ್ತದ್ದು; ಹತ್ತಿಯಂಥ ಬೂಷ್ಟು ಬಂದು
ಪಕ್ಕದ್ದಕ್ಕೆ ದಾಟುತ್ತದೆ. ತೆಗೆಯಬೇಕು.
ನನ್ನದು ಐಸ್ ಒಡೆಯುವ ಬೆರಳು:
ಒಂದು ತೆಗೆಯಹೋಗಿ ಐದು ಒಡೆದೆ.

"ಸರಿ ಆಚೆ," ಎಂದಳು ಆಯಿ.
ಯಾವಾಗ ಎದ್ದು ಬಂದಿದ್ದಳೋ.
ಸೆರಗಿನ ಪಿನ್ನು ಬಿಚ್ಚಿದಳು.
ನಲವತ್ತು ವರ್ಷ ಸೀಗಡಿಯ ಬೆನ್ನಿನ ನರ ಎಳೆದ ಕೈ,
ತುಂಬಿದ ಹೊಟ್ಟೆ ಸೀಳಿ ಗಾಬೋಳಿಯನ್ನು
ಪೊರೆ ಹರಿಯದ ಹಾಗೆ ಇಡಿಯಾಗಿ ಎತ್ತಿ
ಗಿರಾಕಿಯ ಚೀಲಕ್ಕೆ ಇಳಿಸಿದ ಕೈ.
ಪಿನ್ನಿನ ಮೊನೆಗೆ ಒಂದು ಬಿಳಿ, ಇನ್ನೊಂದು ಬಿಳಿ,
ಪಕ್ಕದ ಜೇನುಬಣ್ಣಕ್ಕೆ ಗೊತ್ತೇ ಆಗಲಿಲ್ಲ.
"ಒಂದು ಗಾಬೋಳಿಯಲ್ಲಿ ಎಷ್ಟಿರುತ್ತವೆ ಆಯಿ?"
"ಎಣಿಸುವವರು ಹುರಿಯುವುದಿಲ್ಲ.
ಊದು ನೀನು."

ಅಂಚಿನಲ್ಲೊಂದು ಉಳಿಯಿತು.
ಬಿಳಿಯಲ್ಲ, ಜೇನೂ ಅಲ್ಲ,
ಅಕ್ಕಿ ತೊಳೆದ ನೀರಿನ ಬಣ್ಣ.
ಅದನ್ನೂ ತೆಗಿ, ಹಬ್ಬಿದರೆ ಎಲ್ಲ ಹೋದಾವು ಎಂದೆ.
ಅವಳು ಪಿನ್ನನ್ನು ಸೆರಗಿಗೆ ಚುಚ್ಚಿಕೊಂಡಳು.
"ಇರಲಿ. ಕೊಸರು."

ಐದರ ಲೆಕ್ಕದಲ್ಲಿ ಬಂಗುಡೆ ಹಾಕುತ್ತ
ನೂರಾದ ಮೇಲೆ ಸುಮ್ಮನೆ ಒಂದನ್ನು ಹಾಕುವವಳು.
ಆ ಒಂದು ಯಾಕೆಂದು
ಕೊಂಡವರು ಯಾರೂ ಕೇಳಿದ್ದಿಲ್ಲ.

ಮರುದಿನ ರಾತ್ರಿ ಹಂಚಿನ ತುಂಬ ಬಾಲಗಳು.
ತಲೆ ಅಂಟಿಕೊಂಡಿದೆ, ಬಾಲಕ್ಕೆ ಮಾತ್ರ ಅವಸರ.
ಈಜಲು ಬಿಟ್ಟೊಡನೆ ಇವಕ್ಕೆ ಆರ್ಟೀಮಿಯಾ ಬೇಕು,
ಆರ್ಟೀಮಿಯಾಕ್ಕೆ ಉಪ್ಪುನೀರು.
ಕಡಲಿಂದ ಕೊಡ ತುಂಬಿ ತಂದೆ.
ಆಯಿ ಬೆರಳದ್ದಿ ನಾಲಿಗೆಗೆ ಮುಟ್ಟಿಸಿ
"ಸಪ್ಪೆ. ಕಾಳಿ ಹೊಳೆ ಸೇರಿದೆ ಇದಕ್ಕೆ" ಎಂದು
ಸಾಣಿಕಟ್ಟೆಯ ಉಪ್ಪು ಒಂದು ಮುಷ್ಟಿ ಹಾಕಿದಳು,
ಮತ್ತೆ ನೆಕ್ಕಿದಳು, ಇನ್ನೊಂದು ಚಿಟಿಕೆ,
ಸಾರಿಗೆ ಹಾಕುವ ಹಾಗೇ.

ಆಗಸ್ಟ್. ದೋಣಿಗಳು ಹೋದವು.
ನೂರಾ ನಾಲ್ಕು ಮರಿ, ರೂಪಾಯಿಯಗಲ.
ಕೋಡಿಬಾಗದ ಅಂಗಡಿಯವನು ನೂರು ಸಾಕೆಂದ,
ತಲೆಗೆ ಎಂಟು ರೂಪಾಯಿ.
ಎಣಿಸಿ ಚೀಲಕ್ಕೆ ಬಿಟ್ಟವಳು ಆಯಿಯೇ,
ಐದೈದು, ಐದೈದು, ಕೊನೆಗೆ ಮೇಲೊಂದು.
ಉಳಿದದ್ದು ಮೂರು.
ಅಕ್ಕಿ ತೊಳೆದ ನೀರಿನದು ಇವುಗಳಲ್ಲಿ ಇದೆಯೋ,
ಚೀಲದಲ್ಲಿ ಹೋಯಿತೋ, ಹುಟ್ಟಲೇ ಇಲ್ಲವೋ.
ಕೇಳೋಣವೆಂದರೆ ಆಗಲೇ ಅವಳು
ಬುಟ್ಟಿ ತಲೆಗೇರಿಸಿ ಓಣಿ ದಾಟಿದ್ದಳು.

ರಾತ್ರಿ ತಾಟಿನಲ್ಲಿ ಹೊಸ ಹಂಗಾಮಿನ ಮೊದಲ ಗಾಬೋಳಿ,
ಕೆಂಪಗೆ ಹುರಿದದ್ದು.
ಜಗಲಿಯಲ್ಲಿ ಮೋಟಾರಿನ ಗುರುಗುರು.
ತಿಂದೆ. ಚೆನ್ನಾಗಿತ್ತು.
ಕೈ ತೊಳೆಯಲು ಏಳುವಷ್ಟರಲ್ಲಿ
ಇನ್ನೊಂದು ತುಂಡು ಬಿತ್ತು.