ಇಲ್ಲದ ಬ್ರೇಕು

ಎಂಜಿನ್ನಿನ ಪಕ್ಕದ ಒಂಟಿ ಸೀಟು.
ಮಡಿಕೇರಿ ಬಿಟ್ಟ ಮೊದಲ ತಿರುವಿಗೇ
ನನ್ನ ಬಲಗಾಲು ನೆಲ ಒತ್ತಿತು.
ಅಲ್ಲಿ ಬ್ರೇಕಿಲ್ಲ.
ಯಾರೋ ಬಿಟ್ಟುಹೋದ ಕಿತ್ತಳೆ ಸಿಪ್ಪೆ,
ಒಂದು ಹರಿದ ಟಿಕೇಟು.
ಬಸ್ಸು ಮಾತ್ರ ನನ್ನ ಮಾತು ಕೇಳಿದ ಹಾಗೆ
ಸರಿಯಾಗಿ ಆ ಹೊತ್ತಿಗೇ ನಿಧಾನವಾಯಿತು.

ಮೂವತ್ತೊಂದು ವರ್ಷ ಈ ಘಾಟಿ ಇಳಿಸಿದ್ದೇನೆ.
ಈಗ ಇಳಿಯುತ್ತೇನೆ, ಅಷ್ಟೆ.

ಬೆಳಗ್ಗೆ ಹೋದದ್ದು
ಬದುಕಿದ್ದೇನೆಂದು ರುಜುವಾತು ಮಾಡಲು.
ನವೆಂಬರ್ ಬಂದರೆ ಪೆನ್ಶನ್ನಿನವರಿಗೆ ನನ್ನ ಮೇಲೆ ಅನುಮಾನ.
ಸೇವಾಕೇಂದ್ರದ ಹುಡುಗಿ ಶಮೀನಾ
ಗಾಜಿನ ಮೇಲೆ ಬೆರಳಿಡಿ ಅಂದಳು.
ಇಟ್ಟೆ. ಒಪ್ಪಲಿಲ್ಲ.
ಒರೆಸಿ ಇಡಿ. ಒಪ್ಪಲಿಲ್ಲ.
ತಲೆಗೆ ಉಜ್ಜಿ, ಎಣ್ಣೆ ತಾಗಿಸಿ ಇಡಿ ಅಜ್ಜ.
ಎಣ್ಣೆ ನಿಲ್ಲುವಷ್ಟು ಕೂದಲೆಲ್ಲಿದೆ ಮಗಳೇ?
“ರೇಖೆ ಎಲ್ಲ ಸವೆದಿದೆ” ಅಂದಳು
ತಪ್ಪು ತನ್ನದೇ ಎಂಬಂತೆ.
ಸವೆದದ್ದಲ್ಲ, ಸ್ಟಿಯರಿಂಗಿಗೆ ಕೊಟ್ಟದ್ದು.
ಯಾವುದೋ ಗುಜರಿಯಲ್ಲಿ, ಕರಿ ಚಕ್ರವೊಂದರ ಮೇಲೆ
ನನ್ನ ಹತ್ತು ಬೆರಳೂ ಇನ್ನೂ ಬದುಕಿರಬಹುದು.
ಕಡೆಗೆ ಕಣ್ಣು ತೋರಿಸಿದೆ, ಪೊರೆ ತೆಗೆದ ಬಲಗಣ್ಣು.
ಯಂತ್ರ ಸ್ವಲ್ಪ ಹೊತ್ತು ಯೋಚಿಸಿ
ಇದ್ದೀರಿ ಎಂದಿತು.
ಮೂವತ್ತು ರೂಪಾಯಿ.

ಡ್ರೈವರು ಬಾಗಲಕೋಟೆ ಕಡೆಯವ.
ಎದೆಯ ಪಟ್ಟಿಯಲ್ಲಿ ಹೆಸರು ಓದಿದೆ: ಯಮನಪ್ಪ.
ಜೇಬಿನಲ್ಲಿ ಜೀವಂತ ಇರುವ ಕಾಗದ,
ಇಳಿಜಾರಿನಲ್ಲಿ ಯಮನಪ್ಪ.
ನಕ್ಕೆ. ಅವನೂ ನಕ್ಕ, ನನ್ನ ಕಾಲು ನೋಡಿ.
“ಅಜ್ಜಾರ, ಬ್ರೇಕ್ ನನ್ ಕಡೆ ಐತ್ರಿ.
ಆರಾಮ ಕೂಡ್ರಿ.”

ಆರಾಮ ಕೂರುವುದನ್ನು ಯಾವ ಡಿಪೋದಲ್ಲೂ ಕಲಿಸಲಿಲ್ಲ.
ರಾತ್ರಿ ಎರಡಕ್ಕೆ ಮಂಚದ ಹಲಗೆ ಒದೆಯುತ್ತೇನಂತೆ,
ತಪ್ಪದೆ, ಟೈಮಿಗೆ ಸರಿಯಾಗಿ.
“ಏನು ಅಡ್ಡ ಬಂತು?” ಕೇಳುತ್ತಾಳೆ ಲೀಲಾವತಿ ನಿದ್ದೆಗಣ್ಣಲ್ಲೇ.
ದನ, ಅನ್ನುತ್ತೇನೆ.
ಕೆಲವೊಮ್ಮೆ ದನವೇ.

ಮದೆನಾಡು ದಾಟಿತು. ಜೋಡುಪಾಲ.
ಇಲ್ಲೊಂದು ತಿರುವಿತ್ತು.
ಆ ಮಳೆಯ ವರ್ಷ ಗುಡ್ಡ ಬಂದು ರಸ್ತೆಯ ಮೇಲೆ ಮಲಗಿತು,
ಮನೆಗಳ ಮೇಲೆ ಮಲಗಿತು.
ಈಗ ಹೊಸ ಡಾಂಬರು, ಎತ್ತರದ ಕಾಂಕ್ರೀಟು ಗೋಡೆ.
ನನ್ನ ಭುಜ ಮಾತ್ರ
ಇವತ್ತೂ ಆ ಹಳೆಯ ತಿರುವಿಗೆ ವಾಲಿತು.
ಗುಡ್ಡವೇ ಮರೆತದ್ದನ್ನು ಇಟ್ಟುಕೊಂಡು
ಭುಜ ಏನು ಮಾಡುತ್ತದೆ?
ಮನೆಯಲ್ಲಿ ಹೇಳುತ್ತಾರೆ ಮರೆವು ಹೆಚ್ಚಿತೆಂದು:
ಕನ್ನಡಕ, ಕುಡಿದ ಚಹಾ, ಅಳಿಯನ ತಮ್ಮನ ಹೆಸರು.
ಹೌದು. ಇಲ್ಲದ ತಿರುವುಗಳೇ ತುಂಬಿರುವಾಗ
ಅಳಿಯನ ತಮ್ಮನಿಗೆ ಜಾಗ ಎಲ್ಲಿ?

ಹೊಸಬರಿಗೆ ಹೇಳಿಕೊಡುತ್ತಿದ್ದೆ:
ಹತ್ತುವ ಗೇರಿನಲ್ಲೇ ಇಳಿಯಬೇಕು.
ಬ್ರೇಕು ಕಾಯುತ್ತದೆ ಎಂದು ನಂಬಬೇಡ,
ಅದು ಕಾಯುವುದು ಕೆಂಡದ ಹಾಗೆ.
ನಿವೃತ್ತಿಯ ದಿನವೂ ಇದನ್ನೇ ಹೇಳಿದೆ,
ವಯಸ್ಸಿಗೂ ಇದೇ ನಿಯಮ ಎಂದೆ.
ಹಾರ ಹಾಕಿದ್ದರಲ್ಲ, ಏನಾದರೂ ಹೇಳಬೇಕಿತ್ತು.
ಚಪ್ಪಾಳೆ ಬಿತ್ತು.
ಹದಿಮೂರು ವರ್ಷವಾಯಿತು. ಅದು ಸುಳ್ಳು.
ಹತ್ತುವಾಗ ಯಾವ ಗೇರಿನಲ್ಲಿದ್ದೆನೋ ಯಾರಿಗೆ ನೆನಪು?
ಅವಸರವಿತ್ತು. ಹಿಂದೆ ಐವತ್ತು ಜನ,
ಮುಂದೆ ಟೈಂ ಶೀಟು.
ಮಗಳು ನಡೆಯಲು ಕಲಿತ ದಿನ
ಸುಳ್ಯದಲ್ಲಿ ಪಂಕ್ಚರ್ ಹಾಕಿಸುತ್ತಿದ್ದೆ.

ಈ ಸೀಟಿಗೆ ಬಂದ ಮೇಲೆ ಕಂಡದ್ದು:
ರಸ್ತೆಯ ಬದಿಗೇ ಪಯಸ್ವಿನಿ ಇಳಿಯುತ್ತದೆ,
ಕಲ್ಲು ಬಂದಲ್ಲಿ ಬಳಸಿ, ಬಯ್ಯದೆ.
ಮೂವತ್ತೊಂದು ವರ್ಷ
ಅದೂ ಇದೇ ರೂಟಿನಲ್ಲಿತ್ತು.
ಒಮ್ಮೆಯೂ ಹಾರ್ನ್ ಮಾಡಲಿಲ್ಲ.

ಸಂಪಾಜೆ ಗೇಟು.
ಯಮನಪ್ಪ ಕಲ್ಲುಕಟ್ಟೆಗೆ ತಾಗುವಷ್ಟು ಹತ್ತಿರ ನಿಲ್ಲಿಸಿದ.
ಮುದುಕರಿಗೆ ನಾನೂ ಹಾಗೇ ನಿಲ್ಲಿಸುತ್ತಿದ್ದೆ.
ಅವರು ತಿರುಗಿಯೂ ನೋಡದೆ ಹೋಗುತ್ತಿದ್ದರು.
ಎಂಥ ಗರ್ವ ಅಂದುಕೊಳ್ಳುತ್ತಿದ್ದೆ.
ಈಗ ಕಂಬಿ ಹಿಡಿದು ನಿಂತಾಗ ತಿಳಿಯಿತು,
ಕಣ್ಣಿಗೆ ಆ ಹೊತ್ತು ಒಂದೇ ಕೆಲಸ.
ಮೆಟ್ಟಿಲು. ಇನ್ನೊಂದು ಮೆಟ್ಟಿಲು.
ನೆಲ.